ಕುರ್ಚಿಗೆ ಎಣ್ಣೆ ಹಚ್ಚಿದ್ದಾಯ್ತು, ಬಟ್ಟೆ ಎಲ್ಲಿಟ್ರಿ?

ಇವತ್ತು ಒಂದು ಹಳೇ ಕುರ್ಚಿಯ ಕಥೆ.

ನಮ್ಮ ತಾತನ ಸಾಗುವಾನಿ ಕುರ್ಚಿ ಅದು. ಊರಿನ ಮನೆ ಅಟ್ಟದಲ್ಲಿ ಬಿದ್ದಿತ್ತು, ಬೆಂಗಳೂರಿನ ಬಾಡಿಗೆ ಮನೆಗೆ ತಂದೆ. ಪಾಲಿಶ್ ಪೂರ್ತಿ ಎದ್ದು ಹೋಗಿತ್ತು. ಅಂಗಡಿಯಲ್ಲಿ ಡ್ಯಾನಿಶ್ ಆಯಿಲ್ ಕೇಳೋಣ ಅಂತ ಹೋದ್ರೆ ಬೆಲೆ ನೋಡಿ ಗಾಬರಿ ಆಯ್ತು. ತಮಾಷೆ ಏನು ಗೊತ್ತಾ? ಆ ಹೆಸರಿಗೆ ಒಂದೇ ಅಂತ ಸೂತ್ರ ಇಲ್ಲ. ಸಾಮಾನ್ಯವಾಗಿ ಅದರಲ್ಲಿರೋದು ಎಣ್ಣೆ, ವಾರ್ನಿಶ್, ತೆಳು ಮಾಡೋ ದ್ರವ, ಅಷ್ಟೇ. ಮನೆಯಲ್ಲೇ ಬೆರೆಸಬಹುದು.

ಲೆಕ್ಕ ಸುಲಭ: ಮೂರೂ ಸಮಪಾಲು. ನಾನು 100 ಎಂಎಲ್ ಬಾಯಿಲ್ಡ್ ಲಿನ್ಸೀಡ್ ಆಯಿಲ್, 100 ಎಂಎಲ್ ವಾರ್ನಿಶ್, 100 ಎಂಎಲ್ ಟರ್ಪೆಂಟೈನ್ ತಗೊಂಡೆ. ಲಿನ್ಸೀಡ್ ಅಂದ್ರೆ ನಮ್ಮ ಅಗಸೆ ಎಣ್ಣೆನೇ, ಉತ್ತರ ಕರ್ನಾಟಕದವರು ಚಟ್ನಿಪುಡಿ ಮಾಡೋ ಅದೇ ಅಗಸೆ. ಆದ್ರೆ ಅಡುಗೆಗೆ ಸಿಗೋ ಹಸಿ ಎಣ್ಣೆ ಬೇಡ, ಒಣಗೋಕೆ ದಿನಗಟ್ಟಲೆ ತಗೊಳ್ಳುತ್ತೆ. ಪೇಂಟ್ ಅಂಗಡಿಯದ್ದರಲ್ಲಿ ಬೇಗ ಒಣಗಿಸೋ ಲೋಹದ ಲವಣ ಸೇರಿಸಿರ್ತಾರೆ. ಅದಕ್ಕೇ ಅದನ್ನ ಬಾಯಿಗೆ ಹಾಕ್ಬೇಡಿ! ವಾರ್ನಿಶ್ ಎಣ್ಣೆ ಆಧಾರಿತದ್ದೇ ಆಗಬೇಕು. ನೀರಿನದ್ದು ತಂದ್ರೆ ಬೆರೆಯೋದೇ ಇಲ್ಲ.

ಎಣ್ಣೆ ಮರದೊಳಗೆ ಇಳಿದು ಬಣ್ಣ ಎಬ್ಬಿಸುತ್ತೆ, ವಾರ್ನಿಶ್ ಗಟ್ಟಿತನ ಕೊಡುತ್ತೆ. ಟರ್ಪೆಂಟೈನ್ ಎರಡನ್ನೂ ತೆಳುವಾಗಿ ಹರಡಿ ತಾನು ಆವಿಯಾಗಿ ಹೋಗುತ್ತೆ. ಊಟದ ಟೇಬಲ್‌ಗಾದ್ರೆ ವಾರ್ನಿಶ್ ಸ್ವಲ್ಪ ಜಾಸ್ತಿ ಹಾಕಿ.

ಮೊದಲು 120ರ ಉಪ್ಪು ಕಾಗದ, ಆಮೇಲೆ 220. ಹಳೇ ಪಾಲಿಶ್ ಹೋಗಿ ಬರೀ ಮರ ಕಾಣೋವರೆಗೂ ಉಜ್ಜಿ, ಧೂಳು ಒರೆಸಿ. ಆಮೇಲೆ ಹಳೇ ಬನಿಯನ್ ತುಂಡಲ್ಲಿ ಮಿಶ್ರಣ ಅದ್ದಿ ಹಚ್ಚಿ. 15 ನಿಮಿಷ ಬಿಟ್ಟು, ಮರ ಕುಡಿಯದೇ ಉಳಿದದ್ದನ್ನೆಲ್ಲ ಒಣ ಬಟ್ಟೆಯಲ್ಲಿ ಒರೆಸಿ ತೆಗೀರಿ. ಎಲ್ಲರೂ ತಪ್ಪೋದು ಇಲ್ಲೇ. ಹೊಳಪು ಬರಲಿ ಅಂತ ದಪ್ಪಗೆ ಬಿಟ್ರೆ ವಾರ ಕಳೆದ್ರೂ ಅಂಟಂಟು. ದಿನಕ್ಕೆ ಒಂದೇ ಕೋಟ್, ಒಟ್ಟು ಮೂರು-ನಾಲ್ಕು. ಮಳೆಗಾಲದಲ್ಲಿ ಇನ್ನೂ ತಾಳ್ಮೆ ಬೇಕು. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಒಲೆ, ಊದಿನಕಡ್ಡಿ ಏನೂ ಬೇಡ.

ಮೊದಲ ಕೋಟ್ ಹಚ್ಚಿದಾಗ ಸಾಗುವಾನಿಯ ಗೆರೆಗಳು ಎದ್ದು ಬಂದ ಖುಷಿಯಲ್ಲಿ ನಾನು ಒಂದು ಪೆದ್ದತನ ಮಾಡ್ದೆ. ಒರೆಸಿದ ಬಟ್ಟೆಗಳನ್ನೆಲ್ಲ ಮುದ್ದೆ ಮಾಡಿ ಯುಟಿಲಿಟಿಯ ಪ್ಲಾಸ್ಟಿಕ್ ಬಕೆಟ್‌ಗೆ ಎಸೆದೆ. ಎರಡು ಗಂಟೆ ಆದ್ಮೇಲೆ ಮನೆಯಿಡೀ ಕರಟಿದ ಎಣ್ಣೆ ವಾಸನೆ. ಹೋಗಿ ಮುಟ್ಟಿದ್ರೆ ಮುದ್ದೆಯ ನಡುಭಾಗ ಕೈ ಸುಡ್ತಿದೆ! ಬೆಂಕಿ ಕಡ್ಡಿ ಯಾರೂ ಗೀರಿಲ್ಲ. ಎತ್ತಿ ನೀರು ಸುರಿದೆ. ಪಕ್ಕದಲ್ಲೇ ಗ್ಯಾಸ್ ಸಿಲಿಂಡರ್ ಇತ್ತು ಅನ್ನೋದು ಆಮೇಲೆ ನೆನಪಾಗಿ ಕಾಲು ನಡುಗಿತು.

ಅಗಸೆ ಎಣ್ಣೆ ಒಣಗೋದು ನೀರು ಆವಿಯಾದ ಹಾಗಲ್ಲ. ಗಾಳಿಯ ಆಮ್ಲಜನಕದ ಜೊತೆ ಸೇರಿ ಗಟ್ಟಿಯಾಗುತ್ತೆ, ಆಗ ಶಾಖ ಹುಟ್ಟುತ್ತೆ. ಕುರ್ಚಿ ಮೇಲಿನ ತೆಳು ಪದರದಿಂದ ಆ ಶಾಖ ಹೊರಗೆ ಹೋಗಿಬಿಡುತ್ತೆ. ಮುದ್ದೆಯೊಳಗೆ ಸಿಕ್ಕಿಕೊಳ್ಳುತ್ತೆ, ಬಿಸಿ ಏರಿದಷ್ಟೂ ಎಣ್ಣೆ ಇನ್ನೂ ಜೋರಾಗಿ ಗಟ್ಟಿಯಾಗುತ್ತೆ, ಕೊನೆಗೆ ತಾನಾಗಿ ಹತ್ಕೊಳ್ಳುತ್ತೆ. 1991ರ ಫೆಬ್ರವರಿ 23ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಒನ್ ಮೆರಿಡಿಯನ್ ಪ್ಲಾಜಾ ಅನ್ನೋ 38 ಮಹಡಿಯ ಕಟ್ಟಡಕ್ಕೆ ಬೆಂಕಿ ಬಿದ್ದಿದ್ದು ಇಂಥದ್ದೇ ಬಟ್ಟೆಗಳಿಂದ. 22ನೇ ಮಹಡಿಯಲ್ಲಿ ಮರಗೆಲಸ ಮಾಡಿದವರು ಲಿನ್ಸೀಡ್ ಎಣ್ಣೆಯ ಬಟ್ಟೆ ಬಿಟ್ಟು ಹೋಗಿದ್ರು. ಮೂವರು ಅಗ್ನಿಶಾಮಕ ಸಿಬ್ಬಂದಿ ತೀರಿಕೊಂಡ್ರು.

ಈಗ ನಾನು ಪ್ರತಿ ಬಟ್ಟೆಯನ್ನೂ ಬಿಡಿಸಿ, ಒಂದರ ಮೇಲೊಂದು ಬೀಳದ ಹಾಗೆ ಟೆರೇಸಿನ ತಂತಿ ಮೇಲೆ ಹರವ್ತೀನಿ. ಹಪ್ಪಳದ ಹಾಗೆ ಸೆಟೆದುಕೊಂಡ ಮೇಲೇ ಕಸಕ್ಕೆ. ಟೆರೇಸ್ ಇಲ್ದವರು ನೀರು ತುಂಬಿದ ಮುಚ್ಚಳದ ತಗಡಿನ ಡಬ್ಬದಲ್ಲಿ ಮುಳುಗಿಸಿಡಿ.

ಉಳಿದ ಮಿಶ್ರಣ ಚಿಕ್ಕ ಗಾಜಿನ ಬಾಟಲಿಯಲ್ಲಿ, ಕುತ್ತಿಗೆವರೆಗೂ ತುಂಬಿ ಬಿಗಿಯಾಗಿ ಮುಚ್ಚಿಡಿ. ಒಳಗೆ ಗಾಳಿ ಇದ್ರೆ ಕೆನೆ ಕಟ್ಟುತ್ತೆ. ನನ್ನ ಹತ್ರ ಇನ್ನೊಂದು ಬಾಟಲಿ ಉಳಿದಿದೆ. ಅಜ್ಜಿ ಆಗಲೇ ಫೋನ್ ಮಾಡಿ ತಮ್ಮ ಮಣೆಯ ಸರದಿ ಯಾವಾಗ ಅಂತ ಕೇಳಿದ್ದಾರೆ.