ಬೀಡಿನ ಜಾಳಿಗೆಯ ಒಲೆ: ಕೊಳ್ಳುವ ಮುನ್ನ, ಕೊಂಡ ಮೇಲೆ

(ಹಾನಗಲ್ಲ, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ತಾಲೂಕುಗಳ ರೈತರು ಹಾಗೂ ರೈತ ಮಹಿಳೆಯರ ಸಭೆಯಲ್ಲಿ ಮಾಡಿದ ಭಾಷಣ)



ಬೇಸಾಯಶಾಸ್ತ್ರ ಕಲಿಸುವವನು ಒಲೆಯ ಮಾತು ಏಕೆ ಆಡುತ್ತಾನೆ ಎಂದು ನಿಮಗೆ ಅನಿಸಬಹುದು. ಹೊಲಕ್ಕೆ ಹೋಗಬೇಕಾದ ಸೆಗಣಿ ಕುಳ್ಳಾಗಿ ಒಲೆಗೆ ಹೋಗುತ್ತಿದೆ. ಒಂದು ಟನ್ ಒಳ್ಳೆಯ ತಿಪ್ಪೆಗೊಬ್ಬರದಲ್ಲಿ ಸುಮಾರು 5 ಕಿ.ಗ್ರಾಂ. ಸಾರಜನಕವಿರುತ್ತದೆ. ಅಂದರೆ ಸುಮಾರು 11 ಕಿ.ಗ್ರಾಂ. ಯೂರಿಯಾದಲ್ಲಿ ಇರುವಷ್ಟು. ಸೆಗಣಿಯನ್ನು ಸುಟ್ಟರೆ ಈ ಸಾರಜನಕ ಗಾಳಿಗೆ ಹೋಗುತ್ತದೆ, ಸಾವಯವ ಅಂಶವೂ ನಾಶವಾಗುತ್ತದೆ. ಒಲೆ ಕಡಿಮೆ ಉರುವಲು ತಿಂದಷ್ಟೂ ತಿಪ್ಪೆ ಬೆಳೆಯುತ್ತದೆ. ಹೊಗೆಯಿಂದ ನಮ್ಮ ತಾಯಂದಿರ ಕಣ್ಣು ಮತ್ತು ಶ್ವಾಸಕೋಶಕ್ಕೆ, ಮಕ್ಕಳ ಉಸಿರಿಗೆ ಆಗುವ ಕೇಡು ಇದಕ್ಕಿಂತ ದೊಡ್ಡದು.

2016ರಿಂದ ಉಜ್ವಲ ಯೋಜನೆಯಲ್ಲಿ ಅನೇಕ ಮನೆಗಳಿಗೆ ಗ್ಯಾಸ್ ಬಂದಿದೆ. ಹೊಗೆ ತಪ್ಪಿಸಲು ಅದೇ ಉತ್ತಮ. ಆದರೂ ರೊಟ್ಟಿಗೆ, ಹಂಡೆಯ ನೀರಿಗೆ ಕಟ್ಟಿಗೆಯ ಒಲೆ ಇನ್ನೂ ಎಷ್ಟೋ ಮನೆಗಳಲ್ಲಿ ಉರಿಯುತ್ತಿದೆ. ಅಂಥ ಮನೆಗಳಿಗಾಗಿ ಈ ಮಾತು.

ಅಸ್ತ್ರ ಒಲೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕಾಗಿ 'ಅಸ್ತ್ರ' ಎಂಬ ವಿಭಾಗ ಹುಟ್ಟಿತು. 1980ರ ದಶಕದಲ್ಲಿ ನಮ್ಮ ರಾಜ್ಯದಲ್ಲಿ ಹರಡಿದ ಮೂರು ಪಾತ್ರೆಯ ಅಸ್ತ್ರ ಒಲೆ ಅಲ್ಲಿಯದೇ. 1983-84ರಲ್ಲಿ ಆರಂಭವಾದ ರಾಷ್ಟ್ರೀಯ ಸುಧಾರಿತ ಒಲೆ ಕಾರ್ಯಕ್ರಮ 2002ರಲ್ಲಿ ಮುಗಿಯಿತು. ಆದರೆ ಆ ಒಲೆಯ ತತ್ವ ಇಂದಿಗೂ ಸರಿಯಾಗಿಯೇ ಇದೆ.

ಇದರಲ್ಲಿ ಉರಿ ಮುಚ್ಚಿದ ಗೂಡಿನಲ್ಲಿರುತ್ತದೆ. ಕಟ್ಟಿಗೆ ಜಾಳಿಗೆಯ ಮೇಲೆ ಉರಿಯುತ್ತದೆ, ಬೂದಿ ಕೆಳಗಿನ ಗುಂಡಿಗೆ ಬೀಳುತ್ತದೆ. ಅದೇ ಗುಂಡಿಯ ಬಾಯಿಂದ ಗಾಳಿ ಮೇಲೇರುತ್ತದೆ. ಬಿಸಿ ಹೊಗೆ ಎರಡನೆಯ, ಮೂರನೆಯ ಪಾತ್ರೆಗಳ ತಳ ಸವರಿ ಹೊಗೆಕೊಳವೆಯಿಂದ ಹೊರಬೀಳುತ್ತದೆ. ಇಡೀ ಒಲೆಯ ಜೀವ ಗಾಳಿಯ ಈ ಹಾದಿಯಲ್ಲಿದೆ.

ನನ್ನ ಮನೆಯಲ್ಲಿ ಆದದ್ದು

ಕೆಲವು ವರ್ಷಗಳ ಹಿಂದೆ ನನ್ನ ತಾಯಿಗೆ ಇಂಥ ಒಲೆಯೊಂದನ್ನು ಹಾಕಿಸಿಕೊಟ್ಟೆ. ಗವಂಡಿಯ ಪಕ್ಕದಲ್ಲಿ ನಿಂತು ಅಳತೆಯನ್ನೂ ನೋಡಿದೆ. ಎರಡು ತಿಂಗಳೊಳಗೆ ಮನೆ ತುಂಬ ಹೊಗೆ, ಜಾಳಿಗೆ ಎರಡು ಹೋಳು. ಒಲೆಯ ನಕ್ಷೆಯೇ ತಪ್ಪು ಎಂದು ನಾನು ವಾದಿಸಿದೆ. ತಾಯಿ ಬಗ್ಗಿ ಬೂದಿ ಗುಂಡಿ ತೋರಿಸಿದರು. ಅದು ಜಾಳಿಗೆಯವರೆಗೆ ತುಂಬಿತ್ತು. "ಹೊಲದಾಗ ನೀರಿಗೆ ಹಾದಿ ಬಿಡ್ರಿ ಅಂತ ಊರಿಗೆಲ್ಲಾ ಹೇಳ್ತಿ. ಒಲಿಯೊಳಗ ಗಾಳಿಗೆ ಹಾದಿ ಬ್ಯಾಡೇನಪಾ?" ಎಂದರು. ಬೂದಿ ತೆಗೆಯಬೇಕೆಂದು ನಾನು ಅವರಿಗೆ ಹೇಳಿರಲೇ ಇಲ್ಲ. ಜೊತೆಗೆ ಜಾಳಿಗೆಯನ್ನು ಸಿಮೆಂಟಿನಲ್ಲಿ ಬಿಗಿಸಿಯೂ ಇದ್ದೆವು. ಕಾದ ಬೀಡು ಹಿಗ್ಗಲು ಜಾಗವಿಲ್ಲದೆ ಸೀಳಿತ್ತು.

ಕೊಳ್ಳುವಾಗ

ಬೀಡು ಕಾವು ತಾಳುತ್ತದೆ, ಸುಲಭವಾಗಿ ಬಾಗುವುದಿಲ್ಲ. ಆದರೆ ಪೆಟ್ಟಿಗೆ ಒಡೆಯುತ್ತದೆ. ತೆಳು ಸಲಾಕೆ ಬೆಸೆದ ಜಾಳಿಗೆ ಅಗ್ಗವಾದರೂ ಉರಿಗೆ ಬೇಗ ಬಾಗುತ್ತದೆ.

1. ಜಾಳಿಗೆಯನ್ನು ಒಂದು ಕೈಯಲ್ಲಿ ತೂಗುಹಾಕಿ ಹಿಡಿದು ಸಣ್ಣ ಕಲ್ಲಿನಿಂದ ಮೆಲ್ಲಗೆ ತಟ್ಟಿರಿ. ಗಂಟೆಯಂತೆ ನಾದ ಬಂದರೆ ಗಟ್ಟಿ. ಮಂಕು ಸದ್ದು ಬಂದರೆ ಸೀಳಿದೆ ಎಂದು ತಿಳಿದು ಬಿಡಿರಿ.
2. ಪಟ್ಟಿಗಳ ಮೈಯಲ್ಲಿ ಗುಳಿ, ತೂತು ಇರಬಾರದು. ದಪ್ಪ ಮತ್ತು ಸಂದು ಒಂದೇ ಸಮನಾಗಿರಬೇಕು.
3. ಒಲೆಯ ತೂತುಗಳನ್ನು ಮನೆಯಲ್ಲಿರುವ ಪಾತ್ರೆಗಳ ಅಳತೆಗೇ ಮಾಡಿಸಬೇಕು. ರೊಟ್ಟಿ ಹಂಚನ್ನು ಗವಂಡಿಯ ಮುಂದೆ ಇಟ್ಟು ತೋರಿಸಿರಿ. ಸಂದು ಉಳಿದರೆ ಹೊಗೆ ಅಲ್ಲಿಂದಲೇ ಬರುತ್ತದೆ.
4. ಜಾಳಿಗೆಯ ಸುತ್ತ ಬೆರಳಿನ ಅರ್ಧ ದಪ್ಪದಷ್ಟು ಸಂದು ಬಿಡಿಸಿರಿ. ಅದು ಎತ್ತಿ ತೆಗೆಯಲು ಬರುವಂತೆ ಸುಮ್ಮನೆ ಕುಳಿತಿರಬೇಕು.

ಕೊಂಡ ಮೇಲೆ

ಹೊಸ ಒಲೆಯ ಮಣ್ಣು ಪೂರ್ತಿ ಒಣಗಿದ ಮೇಲೆ ಮೊದಲು ಕೆಲವು ದಿನ ಸಣ್ಣ ಉರಿ ಮಾಡಿರಿ. ದಿನವೂ ಬೆಳಿಗ್ಗೆ ಉರಿ ಹಚ್ಚುವ ಮುನ್ನ ಬೂದಿ ತೆಗೆಯಿರಿ. ಬೂದಿ ತುಂಬಿದರೆ ಕೆಳಗಿನ ಗಾಳಿ ನಿಂತು ಜಾಳಿಗೆ ಕೆಂಪಗೆ ಕಾದು ಬೇಗ ಸವೆಯುತ್ತದೆ. ಕಾದ ಹಂಚಿನ ಮೇಲೆ ತಣ್ಣೀರು ಸುರಿಯಬಾರದೆಂಬುದು ತಾಯಂದಿರಿಗೆ ಗೊತ್ತೇ ಇದೆ. ಜಾಳಿಗೆಯೂ ಅದೇ ಬೀಡು. ಬೆಂಕಿ ಆರಿಸಲು ಅದಕ್ಕೆ ನೀರು ಹೊಡೆಯಬೇಡಿರಿ.

ತಿಂಗಳಿಗೊಮ್ಮೆ, ಒಲೆ ತಣ್ಣಗಿರುವಾಗ, ಕೊಳವೆಯ ಮಸಿಯನ್ನು ಉದ್ದನೆಯ ಕೋಲಿಗೆ ಚಿಂದಿ ಕಟ್ಟಿ ತೆಗೆಯಿರಿ. ಈ ಕೆಲಸ ಗಂಡಸರದು. ಮಾಳಿಗೆ ಹತ್ತುವವರು ನೀವು. ಹಳೆಯ ಒಲೆಯಲ್ಲಿ ಕಲ್ನಾರಿನ ಸಿಮೆಂಟ್ ಕೊಳವೆ ಇದ್ದರೆ ಅದನ್ನು ಕೊಯ್ಯುವುದು, ಒಡೆಯುವುದು, ಒಣಗಿದ್ದಾಗ ಉಜ್ಜುವುದು ಬೇಡ. ಅದರ ಧೂಳು ಶ್ವಾಸಕೋಶಕ್ಕೆ ಅಪಾಯ.

ಉರುವಲು ಮತ್ತು ಬೂದಿ

ಹಸಿ ಕಟ್ಟಿಗೆ ತನ್ನ ಕಾವಿನ ಒಂದು ಭಾಗವನ್ನು ನೀರು ಆರಿಸಲಿಕ್ಕೇ ಕಳೆಯುತ್ತದೆ, ಮಸಿಯನ್ನೂ ಹೆಚ್ಚಿಸುತ್ತದೆ. ಗೋವಿನಜೋಳದ ದಿಂಡು, ತೊಗರಿ ಕಟ್ಟಿಗೆ ಚೆನ್ನಾಗಿ ಒಣಗಿರಲಿ. ಹತ್ತಿ ಕಟ್ಟಿಗೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಅರಳದೆ ಉಳಿದ ಕಾಯಿಗಳಲ್ಲಿ ಗುಲಾಬಿ ಕಾಯಿಕೊರಕದ ಹುಳು ಮಲಗಿ, ಮುಂದಿನ ಹಂಗಾಮಿಗೆ ಪತಂಗವಾಗಿ ಹೊಲ ಸೇರುತ್ತದೆ. ಆದ್ದರಿಂದ ಆ ಕಾಯಿಗಳನ್ನು ಆರಿಸಿ ಮೊದಲೇ ಸುಟ್ಟುಬಿಡಿರಿ. ಕಟ್ಟಿಗೆಯನ್ನೂ ಮುಂಗಾರಿಗೆ ಮುನ್ನ ಉರಿಸಿ ಮುಗಿಸಿರಿ.

ಬೂದಿಯಲ್ಲಿ ಪೊಟ್ಯಾಷ್ ಮತ್ತು ಸುಣ್ಣವಿದೆ. ಹುಳಿ ಗುಣದ ಕೆಂಪು ಭೂಮಿಗೆ ಅದು ಒಳ್ಳೆಯದು, ಚೌಳು ಭೂಮಿಗೆ ಬೇಡ. ಯೂರಿಯಾ ಅಥವಾ ಹಸಿ ಸೆಗಣಿಯೊಡನೆ ಬೆರೆಸಿದರೆ ಸಾರಜನಕ ಅಮೋನಿಯವಾಗಿ ಹಾರಿಹೋಗುತ್ತದೆ.

ವಿಸ್ತರಣಾ ಕಾರ್ಯಕರ್ತರಲ್ಲಿ ಒಂದು ವಿನಂತಿ. ಒಲೆ ಹಾಕಿಸಿ ಲೆಕ್ಕ ಬರೆದು ಹಿಂತಿರುಗಬೇಡಿರಿ. ಎರಡು ತಿಂಗಳ ನಂತರ ಅದೇ ಮನೆಗೆ ಹೋಗಿ, ಬಗ್ಗಿ, ಬೂದಿ ಗುಂಡಿ ನೋಡಿರಿ. ಒಲೆಯ ಮುಂದೆ ಕುಳಿತಿರುವ ತಾಯಿಯನ್ನು ಕೇಳಿರಿ. ನಾನು ಕೇಳದೆ ಒಂದು ಜಾಳಿಗೆ ಕಳೆದುಕೊಂಡೆ.