ಇಡ್ಲಿಯ ಬೆಲೆ
(ಬಾನುಲಿ ಭಾಷಣ)



ಹಣ ಉಳಿಸುವ ಮಾತನ್ನಾಡುವವನಿಗೆ ನಮ್ಮಲ್ಲಿ ಅಷ್ಟೇನೂ ಮನ್ನಣೆಯಿಲ್ಲ. ದಾನವನ್ನು ಹೊಗಳಿದ ಕವಿಗಳುಂಟು, ತ್ಯಾಗವನ್ನು ಹಾಡಿದ ದಾಸರುಂಟು. ಮಿತವ್ಯಯವನ್ನು ಕುರಿತು ಮಹಾಕಾವ್ಯ ಬರೆದವರನ್ನು ನಾನಂತೂ ಕಾಣೆ. ಖರ್ಚಿನಲ್ಲಿ ಕೈ ಬಿಗಿಹಿಡಿದವನು ಜಿಪುಣನೆಂದೂ, ತಿನ್ನುವ ವಿಷಯದಲ್ಲಿಯೂ ಲೆಕ್ಕ ಹಾಕುವವನು ಕಡುಲೋಭಿಯೆಂದೂ ಹೆಸರು ಪಡೆಯುತ್ತಾನೆ. ಉಣ್ಣುವ ಅನ್ನಕ್ಕೆ ಲೆಕ್ಕವಿಡಬಾರದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆ ಮಾತು ನನಗೂ ಒಪ್ಪಿಗೆಯೇ. ಆದರೆ ಅವರು ಹೇಳಿದ್ದು ಮನೆಯಲ್ಲಿ ಬೇಯಿಸಿ, ಬಂದವರಿಗೂ ಬಡಿಸುತ್ತಿದ್ದ ಅನ್ನವನ್ನು ಕುರಿತು. ಫೋನಿನ ಮೇಲೆ ಬೆರಳಾಡಿಸಿ ಬಾಗಿಲಿಗೆ ತರಿಸಿಕೊಳ್ಳುವ ತಿಂಡಿಯನ್ನು ಕುರಿತಲ್ಲ. ಈ ಹೊರಗಿನ ತಿಂಡಿಯನ್ನು ಸ್ವಲ್ಪ ಕಡಿಮೆ ಮಾಡಿದರೆ ಸಂಸಾರಕ್ಕೆ ಉಳಿಯುವುದೆಷ್ಟು, ಹಾಗೆ ಉಳಿದದ್ದು ನಿಜವಾಗಿಯೂ ಉಳಿತಾಯವೇ ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ಹೋಟೆಲು ನಮಗೆ ಹೊಸದೇನಲ್ಲ. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ ಆರಂಭವಾದದ್ದು 1924ರಲ್ಲಿ. ಗಾಂಧಿಬಜಾರಿನ ವಿದ್ಯಾರ್ಥಿ ಭವನ ಬಂದದ್ದು 1943ರಲ್ಲಿ. ಉಡುಪಿಯ ಕಡೆಯವರು ಊರೂರಿಗೆ ಹೋಗಿ ಒಲೆ ಹೂಡಿದರು. ಮುಂಬಯಿಯ ಮಾಟುಂಗದಂತಹ ಕಡೆ ಮನೆ ಬಿಟ್ಟು ಬಂದ ಗುಮಾಸ್ತರಿಗೆ ಅವರೇ ಅನ್ನದಾತರಾದರು. ಆದರೆ ಆ ಕಾಲದಲ್ಲಿ ಹೋಟೆಲಿಗೂ ನಮಗೂ ನಡುವೆ ಹಲವು ಅಡ್ಡಿಗಳಿದ್ದವು. ಮೊದಲನೆಯದು ಮಡಿವಂತರ ಸಂಕೋಚ, ಎರಡನೆಯದು ನಡೆದು ಹೋಗಬೇಕಾದ ದೂರ, ಮೂರನೆಯದು ಮೇಜು ತೆರವಾಗುವವರೆಗೆ ಕಾಯುವ ತಾಳ್ಮೆ, ನಾಲ್ಕನೆಯದು ಜೇಬಿನಿಂದ ನಾಣ್ಯವನ್ನು ಎಣಿಸಿ ಕೊಡುವಾಗ ಆಗುವ ಸಣ್ಣ ಸಂಕಟ. ಈ ನಾಲ್ಕು ಅಡ್ಡಿಗಳನ್ನು ದಾಟುವಷ್ಟು ಆಸೆಯಿದ್ದರೆ ಮಾತ್ರ ಮಸಾಲೆದೋಸೆ.

ಕಾಲಕ್ರಮದಲ್ಲಿ ಈ ಅಡ್ಡಿಗಳು ಒಂದೊಂದಾಗಿ ಬಿದ್ದುಹೋದವು. ಸಂಕೋಚವನ್ನು ನಗರಜೀವನವೇ ತೊಡೆದುಹಾಕಿತು. 1983ರಲ್ಲಿ ಜಯನಗರದಲ್ಲಿ ಕಫೆ ದರ್ಶಿನಿ ತೆರೆದಾಗ ಕುರ್ಚಿ ಹೋಯಿತು, ಕುರ್ಚಿಯೊಡನೆ ಕಾಯುವುದೂ ಹೋಯಿತು. ಚೀಟಿ ಕೊಂಡು, ತಟ್ಟೆ ಹಿಡಿದು, ನಿಂತು ತಿಂದು ಹೊರಟರೆ ಹತ್ತು ನಿಮಿಷದ ಕೆಲಸ. ಬೆಲೆಯೂ ಇಳಿಯಿತಾದ್ದರಿಂದ ಅದು ಜನಕ್ಕೆ ಉಪಕಾರವೇ ಆಯಿತು. 1995ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಕೆಂಟಕಿ ಕೋಳಿಯ ಅಂಗಡಿ ತೆರೆದಾಗ ರೈತಸಂಘ ಪ್ರತಿಭಟಿಸಿತು. ಆಗ ವಾದವೆಲ್ಲ ವಿದೇಶಿ ಕಂಪನಿ ನಮಗೆ ಬೇಕೇ ಬೇಡವೇ ಎಂಬುದರ ಸುತ್ತ. ಆದರೆ ಉಳಿದಿದ್ದ ಕೊನೆಯ ಎರಡು ಅಡ್ಡಿಗಳನ್ನು ಕೆಡವಿದ್ದು ವಿದೇಶಿಯರಲ್ಲ, ನಮ್ಮವರೇ. 2014ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ಸ್ವಿಗ್ಗಿಯೂ ಅದರಂತಹ ಇತರ ಸಂಸ್ಥೆಗಳೂ ನಡೆಯುವ ದೂರವನ್ನು ಅಳಿಸಿದವು. 2016ರಲ್ಲಿ ಬಂದ ಯುಪಿಐ ಪಾವತಿ ನಾಣ್ಯ ಎಣಿಸುವ ಸಂಕಟವನ್ನೂ ಅಳಿಸಿತು. ಈಗ ಹಸಿವೆಗೂ ಖರ್ಚಿಗೂ ನಡುವೆ ಉಳಿದಿರುವುದು ಒಂದು ಬೆರಳಿನ ಅಂತರ.

ಅಡ್ಡಿಯಿಲ್ಲದ ದಾರಿಯಲ್ಲಿ ಹಣ ಹೇಗೆ ಹರಿಯುತ್ತದೆ ಎಂಬುದನ್ನು ಕೇಂದ್ರ ಸರ್ಕಾರದ ಕುಟುಂಬ ಬಳಕೆ ವೆಚ್ಚದ ಸಮೀಕ್ಷೆ ತೋರಿಸುತ್ತದೆ. 2023-24ರಲ್ಲಿ ನಮ್ಮ ದೇಶದ ಪಟ್ಟಣವಾಸಿಯೊಬ್ಬನ ಸರಾಸರಿ ತಿಂಗಳ ವೆಚ್ಚ 6,996 ರೂಪಾಯಿ. ಇದರಲ್ಲಿ ಅಕ್ಕಿ, ಗೋಧಿ, ರಾಗಿ ಮೊದಲಾದ ಧಾನ್ಯಗಳಿಗೆ ಹೋದದ್ದು ನೂರಕ್ಕೆ ನಾಲ್ಕು ರೂಪಾಯಿಗೂ ಕಡಿಮೆ. ಪಾನೀಯ, ಸಿದ್ಧ ತಿಂಡಿ, ಕೊಂಡು ತಿನ್ನುವ ಊಟ ಇವುಗಳಿಗೆ ಹೋದದ್ದು ನೂರಕ್ಕೆ ಹನ್ನೊಂದು. ಎಂದರೆ ತಲೆಗೆ ಸುಮಾರು 775 ರೂಪಾಯಿ. ಹಾಲಿಗಿಂತ, ತರಕಾರಿಗಿಂತ, ಹಣ್ಣಿಗಿಂತ ಇದೇ ಹೆಚ್ಚು. ಅಕ್ಕಿಯ ಬೆಲೆ ಕಿಲೋಗೆ ಎರಡು ರೂಪಾಯಿ ಏರಿದರೆ ಮನೆಯಲ್ಲಿ ದೊಡ್ಡ ಚರ್ಚೆ ನಡೆಸುವ ನಾವು, ಅದರ ಮೂರು ಪಟ್ಟು ಹಣ ಹೋಗುವ ಕಡೆ ತಿರುಗಿಯೂ ನೋಡುವುದಿಲ್ಲ. ಅನೇಕ ಮನೆಗಳ ಲೆಕ್ಕದ ಪುಸ್ತಕದಲ್ಲಿ ಇದಕ್ಕೆ ಪ್ರತ್ಯೇಕ ಕಲಮೇ ಇಲ್ಲ. ‘ಇತರೆ’ ಎಂಬ ಸಾಲಿನಲ್ಲಿ ಅದು ತಲೆಮರೆಸಿಕೊಂಡಿರುತ್ತದೆ.

ಇಲ್ಲಿ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ನನಗೆ ಪ್ರಿಯವಾದ ಇಡ್ಲಿಯನ್ನೇ ತೆಗೆದುಕೊಳ್ಳುತ್ತೇನೆ. ಮುಕ್ಕಾಲು ಕಿಲೋ ಅಕ್ಕಿ, ಕಾಲು ಕಿಲೋ ಉದ್ದಿನಬೇಳೆ; ನಮ್ಮ ಬಡಾವಣೆಯ ಅಂಗಡಿಯಲ್ಲಿ ಇವೆರಡಕ್ಕೂ ಸೇರಿ 76 ರೂಪಾಯಿ. ಇದರಲ್ಲಿ ನಲವತ್ತು ಇಡ್ಲಿಗೆ ಮೋಸವಿಲ್ಲ. ಕಾಯಿಚಟ್ನಿ, ಗ್ಯಾಸು, ವಿದ್ಯುತ್ತು ಎಲ್ಲವನ್ನೂ ಸೇರಿಸಿದರೂ ಇಡ್ಲಿಯೊಂದಕ್ಕೆ ಐದು ರೂಪಾಯಿ ಬೀಳುತ್ತದೆ. ಅದೇ ಇಡ್ಲಿ ದರ್ಶಿನಿಯಲ್ಲಿ ಜೋಡಿಗೆ ನಲವತ್ತು, ಎಂದರೆ ಒಂದಕ್ಕೆ ಇಪ್ಪತ್ತು. ಫೋನಿನಲ್ಲಿ ಎರಡು ಪ್ಲೇಟು ತರಿಸಿದರೆ ತಿಂಡಿಗೆ 110, ಡಬ್ಬಿಗೆ 10, ತಲುಪಿಸುವುದಕ್ಕೆ 30, ‘ಪ್ಲಾಟ್‌ಫಾರಂ ಶುಲ್ಕ’ವೆಂದು 15, ಇವೆಲ್ಲಕ್ಕೂ ತೆರಿಗೆ, ಒಟ್ಟು ನೂರೆಂಬತ್ತರ ಸಮೀಪ. ಇಡ್ಲಿಯೊಂದಕ್ಕೆ ನಲವತ್ತೈದು ರೂಪಾಯಿ! ಈ ಪ್ಲಾಟ್‌ಫಾರಂ ಶುಲ್ಕವೆಂಬುದು 2023ರಲ್ಲಿ ಎರಡು ರೂಪಾಯಿಯ ಮರಿಯಾಗಿ ಬಂದು, ಎರಡೇ ವರ್ಷಗಳಲ್ಲಿ ಹತ್ತು ರೂಪಾಯಿಯನ್ನು ದಾಟಿ ಬೆಳೆಯಿತು. ಐದು, ಇಪ್ಪತ್ತು, ನಲವತ್ತೈದು: ಮೂರು ಕಡೆಯೂ ಇಡ್ಲಿ ಅದೇ. ನಿಜ ಹೇಳಬೇಕೆಂದರೆ ಮೂರನೆಯದು ದಾರಿಯಲ್ಲಿ ಸ್ವಲ್ಪ ಆರಿಯೂ ಇರುತ್ತದೆ.

ಹೋಟೆಲಿನವನು ದೋಚುತ್ತಾನೆ ಎಂದು ನಾನು ಹೇಳುತ್ತಿಲ್ಲ. ಅವನ ಇಪ್ಪತ್ತು ರೂಪಾಯಿಯಲ್ಲಿ ಕಟ್ಟಡದ ಬಾಡಿಗೆಯಿದೆ, ಅಡಿಗೆಭಟ್ಟರ ಸಂಬಳವಿದೆ, ತಟ್ಟೆ ತೊಳೆಯುವ ಹುಡುಗನ ಕೂಲಿಯಿದೆ, ನೂರಕ್ಕೆ ಐದರ ತೆರಿಗೆಯಿದೆ, ಸಂಜೆಗೆ ಉಳಿದು ಹುಳಿಯಾದ ಹಿಟ್ಟಿನ ನಷ್ಟವೂ ಇದೆ. ಬಿಸಿಲಲ್ಲಿ ಬೈಕು ಓಡಿಸಿಕೊಂಡು ಬರುವ ಹುಡುಗನಿಗೂ ಹೊಟ್ಟೆಯಿದೆ. ಪ್ರಶ್ನೆಯಿರುವುದು ಬೇರೊಂದು ಕಡೆ. ಹೋಟೆಲಿನ ಇಡ್ಲಿಯ ಬೆಲೆಯಲ್ಲಿ ರುಬ್ಬಿದವನ ಕೂಲಿ ಸೇರಿದೆ. ಮನೆಯ ಇಡ್ಲಿಗೆ ಐದು ರೂಪಾಯಿ ಎಂದು ನಾನು ಈಗತಾನೆ ಹಾಕಿದ ಲೆಕ್ಕದಲ್ಲಿ ಅದು ಎಲ್ಲಿದೆ?

‘ಹೊರಗೆ ತಿನ್ನುವುದನ್ನು ಬಿಡಿ, ಮನೆಯಲ್ಲಿ ಮಾಡಿ ತಿನ್ನಿ, ಹಣ ಉಳಿಯುತ್ತದೆ’ ಎಂದು ಉಪದೇಶಿಸುವ ಗಂಡಸರು ಈ ಪ್ರಶ್ನೆಯನ್ನು ಎದುರಿಸಲೇಬೇಕು. 2024ರಲ್ಲಿ ನಡೆದ ರಾಷ್ಟ್ರೀಯ ಕಾಲಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕಾಗಿ ದಿನಕ್ಕೆ 289 ನಿಮಿಷ ವ್ಯಯಿಸುತ್ತಾರೆ. ಅದೇ ಕೆಲಸಕ್ಕೆ ಕೈಹಾಕುವ ಗಂಡಸರು 88 ನಿಮಿಷ. ಅದಕ್ಕೆ ಕೈಯನ್ನೇ ಹಾಕದ ಗಂಡಸರು ಈ ಲೆಕ್ಕದಲ್ಲಿ ಇಲ್ಲ. ಇಂತಹ ಮನೆಯಲ್ಲಿ ಹೋಟೆಲಿನ ಬಿಲ್ಲು ಇಳಿಯಿತೆಂದರೆ, ಖರ್ಚು ಗಂಡನ ಜೇಬಿನಿಂದ ಹೆಂಡತಿಯ ಬೆನ್ನಿಗೆ ವರ್ಗವಾಯಿತೆಂದು ಮಾತ್ರವೇ ಅರ್ಥ. ಅದಕ್ಕೆ ಉಳಿತಾಯವೆಂಬ ಹೆಸರು ಸಲ್ಲದು. ದಿನವೆಲ್ಲ ಕಚೇರಿಯಲ್ಲಿ ದುಡಿದು, ಎರಡು ಬಸ್ಸು ಹತ್ತಿ ಇಳಿದು ಮನೆಗೆ ಬರುವ ಹೆಣ್ಣುಮಗಳು ರಾತ್ರಿಯ ಊಟವನ್ನು ಫೋನಿನಲ್ಲಿ ತರಿಸಿದರೆ, ಅವಳು ಕೊಳ್ಳುತ್ತಿರುವುದು ರುಚಿಯನ್ನಲ್ಲ, ಒಂದು ಗಂಟೆಯ ವಿಶ್ರಾಂತಿಯನ್ನು. ಆ ವಿಶ್ರಾಂತಿಯನ್ನು ಬೇರೆ ದಾರಿಯಿಂದ ಅವಳಿಗೆ ಒದಗಿಸಿಕೊಡದೆ ‘ದುಂದುವೆಚ್ಚ’ ಎಂದು ಮೂಗು ಮುರಿಯುವ ಅಧಿಕಾರ ಯಾರಿಗೂ ಇಲ್ಲ.

ನಮ್ಮ ಮನೆಯಲ್ಲಿ ನಾನೂ ನನ್ನ ಪತ್ನಿಯೂ, ಮಗ ಸೊಸೆಯರೂ ಸೇರಿ ನಾಲ್ವರು. ಮಗ ಸೊಸೆ ಇಬ್ಬರೂ ದುಡಿಯುವವರು. ಒಂದು ಭಾನುವಾರ ಫೋನುಗಳಲ್ಲಿದ್ದ ಪಾವತಿಗಳ ಪಟ್ಟಿಯನ್ನೆಲ್ಲ ಕೂಡಿ ನೋಡಿದಾಗ, ಹಿಂದಿನ ತಿಂಗಳು ಹೊರಗಿನ ತಿಂಡಿಗೆ 6,400 ರೂಪಾಯಿ ಹೋಗಿತ್ತು. ಇದನ್ನು ಕಡಿಮೆ ಮಾಡೋಣವೆಂದು ನಾನು ಮಾತು ತೆಗೆದಾಗ ನನ್ನ ಪತ್ನಿ, “ಹೋಟೆಲು ಬಿಡೋಣ ಅಂದಿರಿ, ಒಳ್ಳೇದೇ. ಆ ಹೋಟೆಲಿನ ಕೆಲಸವನ್ನೆಲ್ಲ ಇನ್ನು ಮಾಡೋರು ಯಾರು ಅಂತ ಹೇಳಲಿಲ್ಲವಲ್ಲ?” ಎಂದಳು. ಸೊಸೆ ಏನೂ ಹೇಳಲಿಲ್ಲ. ಆದರೆ ಉತ್ತರಕ್ಕಾಗಿ ಅವಳೂ ಕಾಯುತ್ತಿದ್ದಳು.

ಉತ್ತರವನ್ನು ನಾಲ್ವರೂ ಕುಳಿತು ಹುಡುಕಿದೆವು. ಶನಿವಾರ ನೆನೆಹಾಕುವುದು, ರುಬ್ಬುವುದು, ಗ್ರೈಂಡರು ತೊಳೆಯುವುದು ನನ್ನ ಮತ್ತು ಮಗನ ಪಾಲು. ಆ ಹಿಟ್ಟು ಬುಧವಾರದವರೆಗೆ ಇಡ್ಲಿಯಾಗಿ, ದೋಸೆಯಾಗಿ, ಕೊನೆಗೆ ಪಡ್ಡಾಗಿ ಒದಗುತ್ತದೆ. ರಾತ್ರಿಯ ಊಟಕ್ಕೆ ಒಂದು ಸಾರು, ಒಂದು ಪಲ್ಯ ಸಾಕು. ಬಗೆಬಗೆಯ ಅಡಿಗೆ ಹಬ್ಬಕ್ಕೆ. ತರಕಾರಿ ಹೆಚ್ಚುವವನು ನಾನು. ಪಾತ್ರೆ ತೊಳೆಯುವವನು ಮಗ. ವಾರಕ್ಕೊಂದು ಸಂಜೆ ಅಡಿಗೆಮನೆಗೆ ಬೀಗ. ನಾಲ್ವರೂ ಕೂಡಿ ನಡೆದು ಹೋಗಿ ಹೋಟೆಲಿನಲ್ಲಿ ಕುಳಿತು ತಿಂದು ಬರುವುದು. ಮನೆಯಲ್ಲಿ ಜ್ವರ ಬಂದರೆ, ಕಚೇರಿಯಿಂದ ಹೊತ್ತು ಮೀರಿ ಬಂದರೆ, ಫೋನಿನಲ್ಲಿ ತರಿಸುವುದಕ್ಕೆ ಯಾವ ಆಕ್ಷೇಪಣೆಯೂ ಇಲ್ಲ.

ಮೂರು ತಿಂಗಳು ಕಳೆಯುವಷ್ಟರಲ್ಲಿ ಹೊರಗಿನ ತಿಂಡಿಯ ಖರ್ಚು ತಿಂಗಳಿಗೆ 2,300ಕ್ಕೆ ಇಳಿಯಿತು. ದಿನಸಿಯ ಖರ್ಚು 600 ರೂಪಾಯಿ ಏರಿತು. ಅದನ್ನು ಮರೆತು ಲೆಕ್ಕ ಹೇಳುವುದು ನ್ಯಾಯವಲ್ಲ. ಕಳೆದು ಉಳಿದದ್ದು 3,500. ವರ್ಷಕ್ಕೆ 42,000. ಇದನ್ನೇ ಐದು ವರ್ಷ ಬಿಡದೆ, ನೂರಕ್ಕೆ ಆರೂವರೆಯ ಬಡ್ಡಿಗೆ, ಮೂರು ತಿಂಗಳಿಗೊಮ್ಮೆ ಬಡ್ಡಿ ಅಸಲಿಗೆ ಸೇರುವ ಆವರ್ತ ಠೇವಣಿಯಲ್ಲಿಟ್ಟರೆ ಎರಡು ಲಕ್ಷ ನಲವತ್ತೈದು ಸಾವಿರವನ್ನು ದಾಟುತ್ತದೆ. ಹನಿಗೂಡಿದರೆ ಹಳ್ಳ ಎಂಬ ಗಾದೆ ಅಂಕಿಗಳಲ್ಲಿ ಕಾಣುವುದು ಹೀಗೆ. ಈ ಠೇವಣಿಯನ್ನು ಯಾರ ಹೆಸರಿನಲ್ಲಿಡಬೇಕೆಂಬ ಪ್ರಶ್ನೆ ಬಂದಾಗ ಚರ್ಚೆಗೆ ಎಡೆಯೇ ಇರಲಿಲ್ಲ. ಈವರೆಗೆ ಯಾರ ಶ್ರಮಕ್ಕೆ ಲೆಕ್ಕದಲ್ಲಿ ಕಲಮು ಇರಲಿಲ್ಲವೋ, ಆ ಅತ್ತೆ ಸೊಸೆಯರಿಬ್ಬರ ಹೆಸರಿನಲ್ಲಿ ಅದು ನಡೆಯುತ್ತಿದೆ.

ಗಂಡಸು ಸೌಟು ಹಿಡಿಯುವುದೇ ಎಂದು ನಗುವವರು ಇನ್ನೂ ಇದ್ದಾರೆ. ಅಂಥವರಿಗೆ ನಮ್ಮ ಸಾಹಿತ್ಯವೇ ಉತ್ತರ ಹೇಳುತ್ತದೆ. ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿಯೇ ‘ಇಡ್ಡಲಿಗೆ’ಯ ಹೆಸರಿದೆ. ಹನ್ನೊಂದನೆಯ ಶತಮಾನದ ಆದಿಭಾಗದಲ್ಲಿ ಎರಡನೆಯ ಚಾವುಂಡರಾಯ ತನ್ನ ‘ಲೋಕೋಪಕಾರ’ದಲ್ಲಿ ಪಾಕವಿಧಾನಕ್ಕೂ ಸ್ಥಳ ಕೊಟ್ಟ. ಹದಿನಾರನೆಯ ಶತಮಾನದ ಹೊತ್ತಿಗೆ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವೆಂದು ಅಡಿಗೆಯನ್ನು ಕುರಿತೇ ಷಟ್ಪದಿಯಲ್ಲಿ ಒಂದು ಕೃತಿ ರಚಿಸಿದ. ಇವರಾರೂ ಅಡಿಗೆಯ ವಿಚಾರ ಬರೆದು ತಮ್ಮ ಘನತೆಗೆ ಕುಂದು ತಂದುಕೊಂಡೆವೆಂದು ಭಾವಿಸಲಿಲ್ಲ. ನಾವು ನಳಪಾಕ ಎನ್ನುತ್ತೇವೆ, ಭೀಮಪಾಕ ಎನ್ನುತ್ತೇವೆ, ದಮಯಂತೀಪಾಕ ಎಂದವರಿಲ್ಲ. ನಮ್ಮ ಹಳೆಯ ಹೋಟೆಲುಗಳ ಒಲೆಯ ಮುಂದೆ ನಿಂತವರೂ ಹೆಚ್ಚಾಗಿ ಗಂಡಸರೇ. ಸಂಬಳಕ್ಕೆ ಊರಿಗೆಲ್ಲ ಬೇಯಿಸಬಲ್ಲ ಜಾತಿ, ಸಂಬಳವಿಲ್ಲದಿದ್ದಾಗ ಮನೆಯವರಿಗೆ ಮಾತ್ರ ಬೇಯಿಸಲಾರದೆಂದರೆ ನಂಬುವುದು ಕಷ್ಟ.

ಇನ್ನೊಂದು ಮಾತನ್ನು ಹೇಳದಿದ್ದರೆ ಅಪಚಾರವಾದೀತು. ಈ ಉಪದೇಶ ಎಲ್ಲರಿಗೂ ಅನ್ವಯಿಸುವುದಿಲ್ಲ. ಒಂದೇ ಕೋಣೆಯಲ್ಲಿ ಐದಾರು ಮಂದಿ ಮಲಗುವ ಕಟ್ಟಡ ಕಾರ್ಮಿಕರಿಗೆ, ಒಲೆ ಹಚ್ಚಲು ಅನುಮತಿಯಿಲ್ಲದ ಹಾಸ್ಟೆಲಿನ ಹುಡುಗ ಹುಡುಗಿಯರಿಗೆ ಹೊರಗಿನ ಊಟ ಚಪಲವಲ್ಲ, ಅನಿವಾರ್ಯ. 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನು ಆರಂಭವಾಗಿ ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ ಕೊಟ್ಟಾಗ ಅದರ ಮುಂದೆ ಸಾಲುಗಟ್ಟಿ ನಿಂತವರು ಇಂಥವರೇ. ಅವರಿಗೆ ಬೇಕಾದದ್ದು ಮಿತವ್ಯಯದ ಪಾಠವಲ್ಲ. ಕೈಗೆಟಕುವ ಬೆಲೆಯ, ಶುಚಿಯಾದ ಅನ್ನ. ನನ್ನ ಮಾತು ಮನೆಯಲ್ಲಿ ಒಲೆಯಿದ್ದೂ ಅದನ್ನು ಆರಿಸಿಟ್ಟಿರುವ ನಮ್ಮಂಥವರಿಗೆ.

ಹೋಟೆಲುಗಳು ಮುಚ್ಚಿಹೋಗಲಿ ಎಂಬುದೂ ನನ್ನ ಆಶಯವಲ್ಲ. ಒಂದು ಬೈಟು ಕಾಫಿಯ ಮುಂದೆ ಎಷ್ಟು ಕವಿತೆಗಳ ಚರ್ಚೆಯಾಗಿಲ್ಲ, ಎಷ್ಟು ಜಗಳಗಳು ಬಗೆಹರಿದಿಲ್ಲ! ಅಂತಹ ಕೂಟಕ್ಕಾಗಿ ಹೋಗುವವನ ಖರ್ಚನ್ನು ನಾನು ಎಂದೂ ಪ್ರಶ್ನಿಸೆ. ಆದರೆ ಫೋನಿನ ತಿಂಡಿ ಆ ಕೂಟವನ್ನು ಕೊಡುವುದಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಕೋಣೆಯಲ್ಲಿ ತಮ್ಮ ತಮ್ಮ ಡಬ್ಬಿಯನ್ನು ಬಿಚ್ಚುತ್ತಾರೆ. ಇಡ್ಲಿಯೊಂದಕ್ಕೆ ನಲವತ್ತೈದು ರೂಪಾಯಿ ತೆತ್ತು ಮನೆಯವರೊಡನೆ ಕುಳಿತು ಉಣ್ಣುವುದನ್ನೂ ಕಳೆದುಕೊಳ್ಳುವುದು ದುಬಾರಿಯ ವ್ಯಾಪಾರ.

ಆದ್ದರಿಂದ ನನ್ನ ವಿನಂತಿ ಇಷ್ಟೇ. ಈ ತಿಂಗಳ ಲೆಕ್ಕದಲ್ಲಿ ‘ಹೊರಗಿನ ತಿಂಡಿ’ ಎಂದು ಒಂದು ಕಲಮು ತೆರೆಯಿರಿ. ಬಂದ ಮೊತ್ತವನ್ನು ಮನೆಯವರೆಲ್ಲರ ಎದುರು ಓದಿ ಹೇಳಿರಿ. ಅದನ್ನು ಎಷ್ಟಕ್ಕೆ ಇಳಿಸಬೇಕೆಂದು ಕೇಳುವ ಮೊದಲು, ಇಳಿಸಿದರೆ ಯಾರು ಯಾವ ಕೆಲಸವನ್ನು ಹೊರುತ್ತೀರಿ ಎಂಬುದನ್ನು ಬರೆದಿಡಿರಿ. ಆ ಪಟ್ಟಿಯಲ್ಲಿ ಗಂಡಸರ ಹೆಸರು ಹೆಂಗಸರ ಹೆಸರಿನಷ್ಟೇ ಸಲ ಬಂದಿದ್ದರೆ, ಉಳಿದ ಹಣವನ್ನು ನಿಸ್ಸಂಕೋಚವಾಗಿ ಉಳಿತಾಯವೆಂದು ಕರೆಯಬಹುದು.