‘ಎಂಯು’ ಅಂದ್ರೆ ಯಾವ ವಿಶ್ವವಿದ್ಯಾಲಯ?

ನಾನಿರೋದು ಮುಂಬೈನ ಸಯನ್‌ನಲ್ಲಿ. ಇಲ್ಲಿ ‘ಎಸ್‌ಐಇಎಸ್’ ಕಾಲೇಜು ಅಂದ್ರೆ ಟ್ಯಾಕ್ಸಿಯವರಿಗೂ ಗೊತ್ತು. ಬಿಡಿಸಿದರೆ ಸೌತ್ ಇಂಡಿಯನ್ ಎಜುಕೇಶನ್ ಸೊಸೈಟಿ. ಶುರುವಾಗಿದ್ದು 1932ರಲ್ಲಿ. ನಮ್ಮ ಹಾಗೆ ದಕ್ಷಿಣದಿಂದ ಬಂದವರ ಗುರುತು ಮೊದಲ ಎರಡು ಅಕ್ಷರದಲ್ಲೇ ಇದೆ.

ಪಕ್ಕದ ಮಾಟುಂಗದಲ್ಲಿ ವಿಜೆಟಿಐ ಇದೆ. 1887ರಲ್ಲಿ ಅದು ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್. 1997ರಿಂದ ವೀರಮಾತಾ ಜೀಜಾಬಾಯಿ ಟೆಕ್ನಾಲಾಜಿಕಲ್ ಇನ್‌ಸ್ಟಿಟ್ಯೂಟ್. ಹೆಸರು ಬದಲಾಯ್ತು, ಅಕ್ಷರ ಹಾಗೇ ಉಳೀತು. ನಮ್ಮ ಸುರತ್ಕಲ್‌ನಲ್ಲಿ ಉಲ್ಟಾ: ಕ್ಯಾಂಪಸ್ ಅದೇ, ಆದರೆ ಕೆಆರ್‌ಇಸಿ 2002ರಲ್ಲಿ ಎನ್‌ಐಟಿಕೆ ಆಯ್ತು.

ಮಾತಿನಲ್ಲಿ ಇದೆಲ್ಲ ನಡೆಯುತ್ತೆ. ಕಂಪನಿ ಬದಲಿಸುವಾಗ ಬರುವ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಫಾರ್ಮ್‌ನಲ್ಲಿ ನಡೆಯಲ್ಲ. ಕರಾವಳಿಯ ಹುಡುಗಿ ‘ಎಂಯು’ ಅಂತ ಬರೆದರೆ ಅವಳ ಮನಸ್ಸಲ್ಲಿರೋದು ಮಂಗಳೂರು. ಇಲ್ಲಿನ ಎಚ್‌ಆರ್ ಓದಿಕೊಳ್ಳೋದು ಮುಂಬೈ. ‘ಕೆಯು’ ಅಂದ್ರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೋ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯವೋ? ವಿಚಾರಣೆ ತಪ್ಪು ಕಡೆ ಹೋದರೆ ‘ದಾಖಲೆ ಇಲ್ಲ’ ಅನ್ನೋ ಉತ್ತರ ಬರಬಹುದು. ಆಗ ಕಷ್ಟಪಟ್ಟು ಓದಿದವರ ಪದವಿ ಮೇಲೇ ಅನುಮಾನ.

ಅದಕ್ಕೇ ಮೂರು ಮಾತು ನೆನಪಿಡಿ. ಪದವಿ ಪ್ರಮಾಣಪತ್ರದಲ್ಲಿ ಅಚ್ಚಾಗಿರೋ ಪೂರ್ತಿ ಹೆಸರು ಬರೆಯಿರಿ. ಜೊತೆಗೆ ಊರು ಸೇರಿಸಿ. ಆಮೇಲೆ ಹೆಸರು ಬದಲಾಗಿದ್ದರೆ ‘ಈಗಿನ ಹೆಸರು’ ಅಂತ ಅದನ್ನೂ ಹಾಕಿ. ಚಿಕ್ಕ ಹೆಸರು ನಮ್ಮ ಹಳೇ ಗೆಳೆಯರ ಗುಂಪಿಗಿರಲಿ. ನಮ್ಮನ್ನು ಗೊತ್ತಿಲ್ಲದವರಿಗೆ ಪೂರ್ತಿ ಹೆಸರೇ ಹೇಳೋಣ.